ನಲವತ್ತೊಂದು ದಿನದ ಲೈನ್ ಕ್ಲಿಯರ್

ವಾಡಿಯೊಳಗ ನನ್ನ ದನಿಗಿಂತ ದೊಡ್ಡ ದನಿ ಇದ್ದದ್ದು ಒಂದೇ, ಸಿಮೆಂಟ್ ಫ್ಯಾಕ್ಟರಿಯ ಭೋಂಗಾ. ಅದು ಸುದ್ದಾ ನಾ ರಿಟೈರ್ ಆದ ಮ್ಯಾಲ ಧೈರ್ಯ ಮಾಡಿ ಜೋರು ಊದಲಿಕತ್ತದ.

ನಾನು ಹಣಮಂತರಾಯ. ಕಾಗಿಣಾ ಹೊಳಿ ದಂಡೆಯ ಮಂದಿ ನಾವು. ನಮ್ಮ ಮುತ್ತ್ಯಾ ಜನರನ್ನ ಹೊಳೆ ದಾಟಿಸಿದ, ನಾನು ರೈಲು ದಾಟಿಸಿದೆ. ಇಪ್ಪತ್ತೊಂಬತ್ತು ವರ್ಷ ಸ್ಟೇಶನ್ ಮಾಸ್ತರ. ನನ್ನ ಹಸಿರು ಬಾವುಟ ನೋಡಿದರ ರೈಲು ಹೋಗಲಿ, ಗೇಟಿನ ಹೊರಗ ನಿಂತ ಎತ್ತಿನ ಬಂಡಿ ಸುದ್ದಾ ತಾನಾಗಿ ಹೊರಡ್ತಿತ್ತು. ತಪಾಸಣೆಗೆ ಬಂದ ದೊಡ್ಡ ಸಾಹೇಬರೊಬ್ಬರಿಗೆ ಸೀನು ಬಂದಾಗ ಮೊದಲು ನನ್ನ ಮುಖ ನೋಡಿದರು, ನಾ ಹೂಂ ಅಂತ ತಲಿ ಆಡಿಸಿದ ಮ್ಯಾಲೇ ಸೀನಿದರು. ಮದುವಿ ಮಾತ್ರ ಆಗಲಿಲ್ಲ. ಏಳು ಊರಿನವರು ನನಗ ಹೆಣ್ಣು ಕೊಡಲಿಕ್ಕೆ ತಮ್ಮತಮ್ಮೊಳಗ ಜಗಳಾಡಿದರು, ಆ ಜಗಳ ಬಗೆಹರಿಯೋದರೊಳಗ ನನಗ ಐವತ್ತು ದಾಟಿತು. ಈಗ ರೈಲ್ವೆ ಕ್ವಾರ್ಟರ್ಸಿನ ಹಿಂದ ಎರಡು ಕೋಣೆಯ ಬಾಡಿಗೆ ಮನಿ. ಅದರೊಳಗ ಒಂದು ಕೋಣೆಗೆ ನಾ ಹೋಗೋದೇ ಇಲ್ಲ. ಅಲ್ಲಿ ಕೆಲಸಾನೇ ಇರಂಗಿಲ್ಲ.

ರಿಟೈರ್ ಆದ ಮ್ಯಾಲ ಕೈಗೆ ದೊಡ್ಡ ಫೋನ್ ಬಂತು. ಬಂದ ಒಂದು ತಾಸಿನೊಳಗ ನನಗ ತಿಳೀತು, ಈ ಭೂಮಿ ಮ್ಯಾಲ ಫೋನ್ ಬಳಸೋ ರೀತಿ ಒಬ್ಬನಿಗೂ ಗೊತ್ತಿಲ್ಲ. ಹೆಣದ ಮುಂದ ಕುಂತು ರೀಲ್ಸ್ ನೋಡೋರು, ಬಸ್ಸಿನೊಳಗ ಅತ್ತಿ-ಸೊಸಿ ಜಗಳ ಸ್ಪೀಕರಿನ ಮ್ಯಾಲ ಹಾಕಿ ಇಡೀ ಬಸ್ಸಿಗೆ ಪಂಚಾಯತಿ ಒಪ್ಪಿಸೋರು, ಮುಂಜಾನೆ ಐದಕ್ಕೆ ಗುಲಾಬಿ ಹೂವು ಕಳಿಸಿ ಮಂದಿ ನಿದ್ದಿ ಕೆಡಿಸೋರು. ನಾ ಸುಮ್ಮನೆ ಕೂಡೋ ಮನುಷ್ಯಾ ಅಲ್ಲ. 'ಫೋನ್ ಮರ್ಯಾದಿ ಬಳಗ' ಅಂತ ವಾಟ್ಸಪ್ ಗುಂಪು ಕಟ್ಟಿದೆ. ವಾಡಿ, ಶಹಾಬಾದ, ಚಿತ್ತಾಪುರ, ಅತ್ತ ಚಿಂಚೋಳಿ, ಸುಲೇಪೇಟ ತನಕ ಇನ್ನೂರಾ ಹನ್ನೆರಡು ಮಂದಿನ್ನ ಸೇರಿಸಿದೆ. ಅವರನ್ನ ಕೇಳಿ ಸೇರಿಸಿದೆನೋ ಇಲ್ಲೋ, ಅದು ಬ್ಯಾರೆ ಮಾತು. ನಲವತ್ತೆಂಟು ನಿಯಮ ಮಾಡಿದೆ. ಓದಲಿಕ್ಕೆ ತ್ರಾಸ ಆಗಬಾರದು ಅಂತ ದಿನಕ್ಕೊಂದು ನಿಯಮಾನ ನನ್ನ ದನಿಯೊಳಗೇ, ಹನ್ನೆರಡು ಹನ್ನೆರಡು ನಿಮಿಷ ಹೇಳಿ ಕಳಿಸಿದೆ.

ಪರಿಣಾಮ ಭಯಂಕರ ಆಯಿತು. ಮೊದಲ ವಾರದೊಳಗ ಮೂವತ್ತು ಮಂದಿ ಪೂರ್ತಿ ಸುಧಾರಿಸಿ ಗುಂಪು ಬಿಟ್ಟರು. ವರ್ಷ ತುಂಬೋದರೊಳಗ ಇಡೀ ಜಿಲ್ಲಾ ಸುಧಾರಿಸಿಬಿಟ್ಟಿತು. ಈಗ ಗುಂಪಿನೊಳಗ ಉಳಿದವರು ಮೂರು. ನಾನು, ನನ್ನ ಎರಡನೇ ನಂಬರು, ಮತ್ತ ಸ್ಟೇಶನ್ ಹೊರಗ ಚಾ-ಭಜಿ ಅಂಗಡಿ ಇಟ್ಟ ಮಾಶಾಬಿ. ಆಕಿಗೆ ಗುಂಪು ಬಿಡೋದು ಹೆಂಗಂತ ಗೊತ್ತಿಲ್ಲ.

ಹೋದವರು ಹೋಗಲಿ. ನನಗ ಮಾಣಿಕಪ್ಪ ಇದ್ದ.

ಮಾಣಿಕಪ್ಪ ಸೇಡಂದವ. ಅವನೂ ರಿಟೈರ್ ಮಾಸ್ತರ. ಸರ್ವಿಸಿನೊಳಗ ಹನ್ನೊಂದು ವರ್ಷ ನಾವಿಬ್ಬರೂ ಅಕ್ಕಪಕ್ಕದ ಎರಡು ಸಣ್ಣ ಸ್ಟೇಶನ್ನಿನೊಳಗ ಇದ್ದೆವು. ನಡುವೆ ಒಂಟಿ ಹಳಿ. ಅತ್ತಿಂದ ಬರೋ ಗಾಡಿ, ಇತ್ತಿಂದ ಹೋಗೋ ಗಾಡಿ, ಎರಡಕ್ಕೂ ಅದೇ ಹಳಿ. ಹಂಗಾಗಿ ಗಾಡಿ ಬಿಡೋ ಮೊದಲು ಮುಂದಿನ ಸ್ಟೇಶನ್ನಿಗೆ ಫೋನ್ ಹಚ್ಚಿ 'ಲೈನ್ ಕ್ಲಿಯರ್ ಅದ ಏನು' ಅಂತ ಕೇಳಬೇಕು. ಅಲ್ಲಿಯವ 'ಕೊಟ್ಟೆ' ಅನ್ನೋತನಕ ಗಾಲಿ ಉರುಳಂಗಿಲ್ಲ, ಗಾಡಿಯೊಳಗ ಮಂತ್ರಿ ಕುಂತಿರಲಿ, ದೇವರೇ ಕುಂತಿರಲಿ. ನಾ ಡ್ಯೂಟಿ ಮ್ಯಾಲ ಇದ್ದಾಗ ಅವನೂ ಡ್ಯೂಟಿ ಮ್ಯಾಲ. ಹನ್ನೊಂದು ವರ್ಷದೊಳಗ ಒಬ್ಬರ ಮುಖ ಒಬ್ಬರು ನೋಡಿದ್ದು ಮೂರು ಸಲ. ದನಿ ಕೇಳಿದ್ದು ಮಾತ್ರ ಒಂದು ಕೋಟಿ ಸಲ.

ರಿಟೈರ್ ಆದ ಮ್ಯಾಲ ನಮ್ಮಿಬ್ಬರಿಗೂ ಅದೇ ಕಾಯ್ದೆ ಹಾಕಿದೆ. ಕೇಳದೇ ಫೋನ್ ಹಚ್ಚಬಾರದು. ಎದುರಿನವ ಊಟಕ್ಕ ಕುಂತಿರಬಹುದು, ಜಳಕಕ್ಕ ಹೋಗಿರಬಹುದು. ಮೊದಲು 'ಲೈನ್ ಕ್ಲಿಯರ್?' ಅಂತ ಬರೆದು ಕೇಳಬೇಕು, 'ಕೊಟ್ಟೆ' ಅಂತ ಬಂದ ಮ್ಯಾಲ ಫೋನ್. ಅದೂ ಬರೆದೇ ಕೇಳಬೇಕು. ದನಿ ಕಳಿಸೋದು ಪೂರ್ತಿ ನಿಷಿದ್ಧ. ನನ್ನ ದನಿ ಬ್ಯಾರೆ, ಅದು ಸಾರ್ವಜನಿಕ ಆಸ್ತಿ.

ನಾಲ್ಕು ವರ್ಷ ಮುಂಜಾನೆ ಹತ್ತಕ್ಕ ನಾ ಕೇಳ್ತಿದ್ದೆ, ಐದು ನಿಮಿಷದೊಳಗ ಅವ ಕೊಡ್ತಿದ್ದ. ಆಮ್ಯಾಲ ಒಂದು ತಾಸು ಮಾತು. ಬ್ರೇಕ್ ಹತ್ತದ ಮಾಲಗಾಡಿಯನ್ನ ಬರೀ ದನಿಯಿಂದ ಗದರಿಸಿ ನಿಲ್ಲಿಸಿದ ಕಥಿ, ಪ್ಲಾಟ್‌ಫಾರ್ಮಿಗೆ ಬಂದ ಚಿರತಿಗೆ ಟಿಕೇಟು ಕೇಳಿದ ಕಥಿ. ಮಾಣಿಕಪ್ಪ 'ಹೂಂ' ಅಂತಿದ್ದ. ಅವನ 'ಹೂಂ' ಭಾಳ ಛಂದ, ಗಾದಿ ಮ್ಯಾಲ ಕುಂತಂಗ. ನಾಲ್ಕು ವರ್ಷದೊಳಗ ಅವ ಒಂದು ಸಲನೂ ತಾನಾಗಿ ಲೈನ್ ಕ್ಲಿಯರ್ ಕೇಳಲಿಲ್ಲ. ಹೇಳೋದು ಅವನಿಗೆ ಏನೂ ಇಲ್ಲ ಅಂತ ನಾ ತಿಳಕೊಂಡಿದ್ದೆ.

ಜೂನ್ ತಿಂಗಳ ಒಂದು ಮಧ್ಯಾಹ್ನ, ನಾ ಒಗದ ಅರಿವಿ ಒಣಗಲಿಕ್ಕ ಹಾಕಲಿಕತ್ತಿದ್ದೆ, ಫೋನ್ ಟಣ್ ಅಂತು. ಮಾಣಿಕಪ್ಪನಿಂದ. ಬರಹ ಅಲ್ಲ, ದನಿ. ಒಂಬತ್ತು ಸೆಕೆಂಡಿನದ್ದು.

ನನಗ ಸಿಟ್ಟು ನೆತ್ತಿಗೇರಿತು. ಇಡೀ ಜಿಲ್ಲಾ ನನ್ನ ಕೈ ಬಿಟ್ಟರೂ ನಿಯಮ ಬಿಡದವ ಒಬ್ಬ ಇದ್ದ, ಅವನೂ ಕೆಟ್ಟ. ನಾ ಅದನ್ನ ಒತ್ತಲಿಲ್ಲ, ಕೇಳಲಿಲ್ಲ. ತಪ್ಪು ಅವನಿಗೇ ತಿಳೀಲಿ ಅಂತ ಹಂಗೇ ಬಿಟ್ಟೆ. ಮರುದಿನ ಹತ್ತಕ್ಕ, ಏನೂ ಆಗಿಲ್ಲ ಅನ್ನೋಹಂಗ ದೊಡ್ಡ ಮನಸ್ಸು ಮಾಡಿ ಬರೆದೆ: 'ಲೈನ್ ಕ್ಲಿಯರ್?'

ಎರಡು ನೀಲಿ ಗೀಟು ಬಿದ್ದವು. ಅಂದ್ರ ಅವ ನೋಡಿದ. ಉತ್ತರ ಬರಲಿಲ್ಲ.

ಮರುದಿನ ಮತ್ತ ಕೇಳಿದೆ. ನೀಲಿ ಗೀಟು, ಉತ್ತರ ಇಲ್ಲ. ಅದರ ಮರುದಿನವೂ ಹಂಗೇ. ನೋಡಿ ಉತ್ತರ ಕೊಡದೆ ಇರೋದು ನನ್ನ ನಲವತ್ತೆಂಟು ನಿಯಮದೊಳಗ ಹದಿನೇಳನೇ ಅಪರಾಧ. ಅದರ ಮ್ಯಾಲ ನಾ ಎರಡು ಭಾಗದೊಳಗ ಮಾತಾಡಿ ಕಳಿಸಿದ್ದೆ. ಅಂಥಾದ್ದನ್ನ ಅವ ಮೂವತ್ಮೂರು ದಿನ ನನಗೇ ಮಾಡಿದ. ಹತ್ತು ಗಂಟೆಗೆ ಕೇಳ್ತಿದ್ದೆ, ಹತ್ತೂವರೆ ತನಕ ಫೋನ್ ಮುಂದಿಟ್ಟುಕೊಂಡು ಕೂಡ್ತಿದ್ದೆ, ಆಮ್ಯಾಲ ಹನ್ನೊಂದು, ಆಮ್ಯಾಲ ಒಂದು. ಮಾಡಿನ ಮ್ಯಾಲ ಸಿಮೆಂಟಿನ ಧೂಳು ಕೂಡೋ ಸಪ್ಪಳ ನನಗ ಕೇಳಿಸಲಿಕತ್ತಿತು. ನಂಬ್ರಿ, ಇದು ಒಂದು ಖರೇ.

ಮೂವತ್ನಾಲ್ಕನೇ ದಿನದಿಂದ ನೀಲಿನೂ ಹೋಯಿತು. ಒಂದೇ ಬೂದಿ ಬಣ್ಣದ ಗೀಟು. ಮುಟ್ಟಿಯೇ ಇಲ್ಲ ಅಂತ. ಅದೂ ಎಂಟು ದಿನ ನಡೀತು.

ಎಂಟನೇ ದಿನ ಮಾಶಾಬಿ ಅಂಗಡಿಯ ಬೆಂಚಿನ ಮ್ಯಾಲ ಕುಂತಿದ್ದೆ.

"ಮಾಸ್ತರ್ ಸಾಬ್, ಚಾ ತಣ್ಣಗಾತು," ಅಂದಳು ಮಾಶಾಬಿ, ಕಡಾಯಿಯೊಳಗಿನ ಭಜಿ ಹೊಳ್ಳಿಸಿಕೋತ. "ಫೋನ್ ಏನು ಮೊಟ್ಟಿ ಇಡ್ತದೇನ್ರಿ, ಹಂಗ ಕಾವು ಕೊಟ್ಕೊಂಡ ಕುಂತೀರಿ."

"ಮಾಣಿಕಪ್ಪ ನನಗ ಬ್ಲಾಕ್ ಮಾಡ್ಯಾನ ಮಾಶಾಬಿ."

"ಯಾರು, ಸೇಡಂ ಮಾಸ್ತರಾ? ದಿನಾ ತಾಸು ತಾಸು ನಿಮ್ಮ ಮಾತು ಕೇಳ್ತಿದ್ರಲ್ಲ, ಅವರಾ? ಅಲ್ಲಾ, ಅಷ್ಟು ಸಬರ್ ಇದ್ದ ಮನುಷ್ಯಾ. ಏನು ಅಂದ್ರಿ ಅವರಿಗಿ?"

"ನಾ ಏನೂ ಅಂದಿಲ್ಲ. ಬರೀ ಕೇಳೀನಿ, ನಲವತ್ತೊಂದು ದಿನ."

"ಕೇಳೋದು ಯಾತಕ್ಕ, ಫೋನೇ ಹಚ್ಚಬೇಕಿಲ್ಲ?"

"ಹಂಗ ಹಚ್ಚಲಿಕ್ಕ ಬರಂಗಿಲ್ಲ. ಒಪ್ಪಿಗಿ ಇಲ್ದ ಫೋನ್ ಹಚ್ಚೋದಂದ್ರ ಮಂದಿ ಮನಿಯೊಳಗ ಬಾಗಿಲಾ ಬಡೀದೇ ನುಗ್ಗಿದಂಗ."

"ನಮ್ಮನಿಗಿ ಎಲ್ಲಾರೂ ಹಂಗೇ ನುಗ್ಗತಾರ. ನಾವೇನು ಸತ್ತೀವೇನ್ರಿ." ಆಕಿ ಸೆರಗಿಗೆ ಕೈ ಒರೆಸಿಕೊಂಡು ಫೋನ್ ಇಸಗೊಂಡಳು. ನಾ ಬರೆದದ್ದನ್ನೆಲ್ಲಾ ಬೆರಳಿಂದ ಮ್ಯಾಲ ಮ್ಯಾಲ ಸರಿಸಿಕೋತ ಹೋದಳು. ಸರಿಸಿದಷ್ಟೂ ನಂದೇ. "ಯಾ ಅಲ್ಲಾ, ಮುಗಿಯಂಗೇ ಇಲ್ಲಲ್ಲ. ಇದೇನಿದು? ಇಲ್ಲಿ ಅವರದೊಂದು ಅದ."

"ಅದು ಅವ ನಿಯಮ ಮುರದು ಕಳಿಸಿದ್ದು. ನಾ ಕೇಳಿಲ್ಲ."

"ಯಾಕ?"

"ಶಿಕ್ಷಾ."

"ಯಾರಿಗಿ?" ಅಂತ ಕೇಳಿ, ನನ್ನ ಉತ್ತರಕ್ಕ ಕಾಯದೇ ಮಾಶಾಬಿ ಅದನ್ನ ಒತ್ತಿಬಿಟ್ಟಳು.

ಮೊದಲು ಬರೀ ಉಸಿರು. ಆಮ್ಯಾಲ ನನಗ ಗುರುತು ಹತ್ತದ ಒಂದು ದನಿ, ನಾಲಿಗಿ ಹಸಿ ಹಿಟ್ಟಿನೊಳಗ ಸಿಕ್ಕಂಗ: "ಲಾ... ಲೈ... ಕಿ... ಲೈನ್... ಕಿಯರ್..." ಅಷ್ಟೇ. ಒಂಬತ್ತು ಸೆಕೆಂಡು ಮುಗೀತು.

ಮಾಶಾಬಿ ಒಲಿ ಸಣ್ಣ ಮಾಡಿದಳು.

"ಲಕ್ವಾ ಹೊಡದದ ಅವರಿಗಿ," ಅಂದಳು ಮಾಶಾಬಿ. "ನಮ್ಮ ಅಮ್ಮಾನ ಬಾಯಿ ಹಿಂಗೇ ಆಗಿತ್ತು. ಕೈ ಬಿದ್ದಿರಬೇಕು, ಬರಿಯೋದು ಹೆಂಗ ಆದೀತು? ಅದಕ್ಕ ಬಾಯಿಲೆ ಕಳಿಸ್ಯಾರ."

ಲಕ್ವಾ ಅಂದದ್ದು ಒಂದು ಹೊಡೆತ. ಅದರ ಬೆನ್ನಿಗೇ ಇನ್ನೊಂದು ಬಿತ್ತು, ಅದು ಒಬ್ಬ ಮಾಸ್ತರಗ ಮಾತ್ರ ತಿಳಿಯೋದು. ಒಂಟಿ ಹಳಿಯ ಮ್ಯಾಲ ಎದುರಿನವ ಮೊದಲು ಕೇಳಿದ ಅಂದ್ರ, ಅವನಿಗೆ ಉತ್ತರ ಕೊಡೋತನಕ ನೀ ಕೇಳಂಗಿಲ್ಲ. ನೀ ಕೇಳಿದರೂ ಅವ ಕೊಡಂಗಿಲ್ಲ. ಕೊಟ್ಟರ ಎರಡು ಗಾಡಿ ಎದುರೆದುರು. ಮಾಣಿಕಪ್ಪ ನಾಲ್ಕು ವರ್ಷದೊಳಗ ಮೊದಲನೇ ಸಲ ಲೈನ್ ಕ್ಲಿಯರ್ ಕೇಳಿದ್ದ. ನಾ ಕೊಟ್ಟಿರಲಿಲ್ಲ. ದಿನಾ ಹತ್ತು ಗಂಟೆಗೆ ನನ್ನ ಪ್ರಶ್ನೆ ಅವನ ಕೈಯೊಳಗ ಬಂದು ಬೀಳ್ತಿತ್ತು, ಅವ ನೋಡ್ತಿದ್ದ, ತನ್ನ ಪ್ರಶ್ನೆಗೆ ಉತ್ತರ ಕಾಯ್ತಿದ್ದ. ಸಿಟ್ಟು ಅಲ್ಲ, ಸೊಕ್ಕು ಅಲ್ಲ. ಕಾಯ್ದೆ. ನಾನೇ ಹಾಕಿದ ಕಾಯ್ದೆ.

'ಕೊಟ್ಟೆ' ಅಂತ ಬರೆದೆ. ಒಂದೇ ಗೀಟು. ಆಮ್ಯಾಲ, ಜನ್ಮದೊಳಗ ಮೊದಲನೇ ಸಲ, ಕೇಳದೇ ಫೋನ್ ಹಚ್ಚಿದೆ. ಸ್ವಿಚ್ ಆಫ್ ಅಂತ ಒಬ್ಬ ಹೆಣ್ಣುಮಗಳು ಮೂರು ಭಾಷೆಯೊಳಗ ಹೇಳಿದಳು.

"ಈಗ?" ಅಂದಳು ಮಾಶಾಬಿ.

ಎರಡು ಸ್ಟೇಶನ್ನಿನ ನಡುವೆ ಎಲ್ಲಾ ಸಂಪರ್ಕ ಕಡಿದು ಹೋದರ ಏನು ಮಾಡಬೇಕು ಅನ್ನೋದಕ್ಕೂ ನಮ್ಮಲ್ಲಿ ನಿಯಮ ಅದ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಇಪ್ಪತ್ತೊಂಬತ್ತು ವರ್ಷದೊಳಗ ಒಮ್ಮೆಯೂ ಬೇಕಾಗಿರಲಿಲ್ಲ. ಡಬ್ಬಿ ಇಲ್ಲದ ಬರೀ ಇಂಜಿನ್ನು, ಅನುಮತಿ ಇಲ್ಲದೇನೇ, ಮನುಷ್ಯಾ ನಡದಷ್ಟು ನಿಧಾನ, ಸೀಟಿ ಹಾಕ್ಕೋತ ಮುಂದಿನ ಸ್ಟೇಶನ್ನಿಗೆ ಹೋಗಿ ಕೇಳಿಕೊಂಡು ಬರಬೇಕು.

"ಹೋಗ್ತೀನಿ," ಅಂದೆ.

"ಮಿರ್ಚಿ ಭಜಿ ಒಯ್ಯಬ್ಯಾಡ್ರಿ, ಲಕ್ವಾದವರಿಗಿ ನುಂಗಲಿಕ್ಕ ಆಗಲ್ಲ. ಬಾಳೆಹಣ್ಣು ಒಯ್ರಿ. ಮತ್ತ ಅಲ್ಲಿ ಹೋಗಿ ಚಿರತಿ ಕಥಿ ಹಚ್ಚಬ್ಯಾಡ್ರಿ."

ಪ್ಯಾಸೆಂಜರಿನೊಳಗ ಸೀಟು ಸಿಕ್ಕಿತು. ಎದುರಿಗೆ ಒಬ್ಬ ರೀಲ್ಸ್ ಹಚ್ಚಿದ್ದ, ಡಬ್ಬಿ ಗದಗುಡೋಹಂಗ. ಬಾಜೂಕ್ಕ ಒಬ್ಬ ಹೆಣ್ಣುಮಗಳು ವಿಡಿಯೋ ಕಾಲಿನೊಳಗ ತನ್ನ ಕೂಸಿಗೆ ಕಿಟಕಿ ಹೊರಗಿನ ಪರ್ಸಿ ಕಲ್ಲಿನ ಗ್ವಾಡಿ, ತೊಗರಿ ಹೊಲ, ಒಂದು ಕುಂಟ ನಾಯಿ ಎಲ್ಲಾ ತೋರಿಸಲಿಕತ್ತಿದ್ದಳು. ಬ್ಯಾರೆ ದಿನ ಆಗಿದ್ದರ ನಾ ಎದ್ದು ನಿಂತು ಒಂದೇ ಗರ್ಜನೆಗೆ ಚೈನು ಎಳೆಯದೇ ಗಾಡಿ ನಿಲ್ಲಿಸಿ ಎಲ್ಲಾರಿಗೂ ಪಾಠ ಮಾಡ್ತಿದ್ದೆ. ಅವತ್ತು ಸುಮ್ಮನ ಕುಂತೆ. ಆ ಕೂಸು ಫೋನಿನೊಳಗಿಂದ ನನ್ನ ಕಡೆ ನೋಡಿ ನಕ್ಕಿತು. ತಾಯಿ ಫೋನ್ ಆಕಡೆ ತಿರುವಿದಳು.

ಸೇಡಂದೊಳಗ ರಿಟೈರ್ ಮಾಸ್ತರ ಮಾಣಿಕಪ್ಪನ ಮನಿ ಎಲ್ಲಿ ಅಂತ ನಾಲ್ಕು ಮಂದಿಗೆ ಕೇಳಬೇಕಾಯಿತು. ದಿನಾ ಮಾತಾಡಿದವ, ಮನಿ ಯಾವ ಓಣಿಯೊಳಗ ಅಂತ ಕೇಳಿರಲಿಲ್ಲ. ಬಾಗಿಲ ತೆಗೆದವಳು ಮೂವತ್ತು ಮೂವತ್ತೆರಡರ ಹೆಣ್ಣುಮಗಳು.

"ನಾ ವಾಡಿ ಹಣಮಂತರಾಯ," ಅಂದೆ. "ನೀವು?"

"ಮೈತ್ರಿ. ಮಾಸ್ತರ ಮಗಳು." ಆಕಿ ಬಾಗಿಲ ಪೂರ್ತಿ ತೆಗೆದಳು. "ಬರ್ರಿ ಕಾಕಾ. ಇಷ್ಟು ದಿನ ಬರಲಿಲ್ಲಲ್ಲರಿ ನೀವು."

"ನನಗ ಗೊತ್ತಿರಲಿಲ್ಲವಾ. ಫೋನ್ ಯಾಕ ಬಂದ್ ಅದ?"

"ನಾನೇ ಬಂದ್ ಮಾಡಿಟ್ಟೀನ್ರಿ. ಜೂನ್‌ದಾಗ ಹಿಂಗಾತು, ಬಲಗೈ, ಬಾಯಿ. ಹಿಂಗಾದ ದಿನಾನೇ, ದವಾಖಾನಿಯಾಗೇ, ಫೋನ್ ಬೇಡಿದ್ರು. ಅದನ್ನ ಎಡಗೈಯಾಗ ಹಿಡಕೊಂಡು ದಿನಾ ಪೂರಾ ನೋಡೋದೇ ನೋಡೋದು. ಊಟ ಬ್ಯಾಡ, ನಿದ್ದಿ ಬ್ಯಾಡ. ನೀವು ದಿನಾ ಕೇಳ್ತಿದ್ರಿ. ಅಪ್ಪಾ, ಕಾಕಾ ಕೇಳಾಕತ್ತಾರ, ನಾ ಬರೀಲೇನು ಅಂದ್ರ, ಬ್ಯಾಡ ಅಂತ ತಲಿ ಅಲ್ಲಾಡಸ್ತಿದ್ರು. 'ನಾ ಮೊದಲ... ನಾ ಮೊದಲ' ಅಂತಿದ್ರು. ನನಗ ತಿಳೀಲಿಲ್ಲ. ಡಾಕ್ಟರ್ ತಲಿಗೆ ತ್ರಾಸ ಕೊಡಬ್ಯಾಡ್ರಿ ಅಂದ್ರು. ಕಡೀಕ ಫೋನ್ ಕಸ್ಕೊಂಡು ಅಲಮಾರಿ ಮ್ಯಾಲ ಇಟ್ಟೆ."

ಬಾಳೆಹಣ್ಣು ಆಕಿ ಕೈಗೆ ಕೊಟ್ಟು ಒಳಗ ಹೋದೆ. ಗ್ವಾಡಿ ಮ್ಯಾಲ ಬುದ್ಧನ ಫೋಟೋ, ಅದರ ಬಾಜೂಕ್ಕ ಒಬ್ಬ ಹೆಣ್ಣುಮಗಳ ಫೋಟೋ. ಫೋಟೋಕ್ಕ ಹಾರ.

"ಇವರು?"

"ಅವ್ವರಿ. ಲಾಲಮ್ಮ." ಮೈತ್ರಿಯ ದನಿ ಸಣ್ಣದಾಯಿತು. "ಎರಡು ವರ್ಷ ಆತಲ್ಲರಿ ಕಾಕಾ ಅವ್ವ ಹೋಗಿ. ನಿಮಗ ಹೇಳೀನಿ ಅಂದಿದ್ರು ಅಪ್ಪ."

"ನನಗ ಹೇಳಿದ್ನಾ?"

"ಹೂನ್ರಿ. ಮಣ್ಣು ಮಾಡಿದ ಮರುದಿನ ಮುಂಜಾನೆ ನಿಮ್ಮ ಫೋನ್ ಬಂತು. ನಾ ಇಲ್ಲೇ ಇದ್ದೆ. 'ಹಣಮಂತ, ಲಾಲಮ್ಮ' ಅಂತ ಎರಡು ಸಲ ಅಂದ್ರು. ಆಮ್ಯಾಲ ಹೂಂ ಅಂದ್ರು. ತಾಸು ತನಕ ಹೂಂ ಅಂದ್ರು."

ನನಗ ಆ ದಿನ ನೆನಪಿಲ್ಲ. ಅವತ್ತು ನಾ ಯಾವ ಗಾಡಿ ನಿಲ್ಲಿಸಿದ್ದೆನೋ, ಯಾವ ಸಾಹೇಬನ್ನ ಸೀನಿಸಿದ್ದೆನೋ.

ಮಾಣಿಕಪ್ಪ ಒಳಗಿನ ಕೋಣೆಯೊಳಗ ಕುರ್ಚಿ ಮ್ಯಾಲ ಕುಂತಿದ್ದ. ಬಲಗೈ ತೊಡಿ ಮ್ಯಾಲ ಬ್ಯಾರೆ ಯಾರದೋ ಕೈಯಂಗ ಬಿದ್ದಿತ್ತು. ಬಾಯಿ ಒಂದು ಕಡೆ ಜಗ್ಗಿತ್ತು. ನನ್ನ ನೋಡಿದ. ಗುರುತು ಹತ್ತಿತು, ಕಣ್ಣೊಳಗ ಗೊತ್ತಾಯಿತು. ನಾಲ್ಕನೇ ಸಲ ಮುಖ ನೋಡೋದು ನಾವು.

ನಾ ಸ್ಟೂಲ್ ಎಳಕೊಂಡು ಕುಂತೆ. ಏನು ಮಾಡಲಿ, ನನ್ನ ಬಾಯಿ ನನ್ನ ಮಾತು ಕೇಳಂಗಿಲ್ಲ. "ಏನೋ ಮಾಣಿಕ್ಯಾ, ನೀ ಹಿಂಗ ಕುಂತಿ ಅಂತ ತಿಳದು ವಾಡಿಯೊಳಗ ಹತ್ತು ಗಾಡಿ ಹೊರಡದ ನಿಂತಾವ, ದಿಲ್ಲಿ ತನಕ..."

ಅವ ಎಡಗೈ ಎತ್ತಿದ. ಅಂಗೈ ನನ್ನ ಮುಖದ ಕಡೆ. ನಿಲ್ಲು ಅಂತ.

ನಿಂತೆ.

"ಖರೇ ಅದ," ಅಂದೆ. "ನಿಂದು ಮೊದಲು. ನೀ ಕೇಳಿ ನಲವತ್ತೊಂದು ದಿನ ಆತು. ನಾ ಕೊಡಲಿಲ್ಲ. ತಪ್ಪು ನಂದು. ಈಗ ಕೊಟ್ಟೆ ಮಾಣಿಕಪ್ಪ. ಲೈನ್ ಕ್ಲಿಯರ್ ಕೊಟ್ಟೆ. ಬಿಡು."

ಅವ ಕೈ ಇಳಿಸಿದ. ಕಣ್ಣು ಮುಚ್ಚಿ ಉಸಿರು ಕೂಡಿಸಿಕೊಂಡ. ತುಟಿ ಹಂದಾಡಿತು, ನಿಂತಿತು, ಮತ್ತ ಹಂದಾಡಿತು.

"ಲಾ... ಲಮ್ಮ."

ನಾ 'ಹೂಂ' ಅಂದೆ. ನನ್ನ 'ಹೂಂ' ಛಲೋ ಇಲ್ಲ, ರೂಢಿ ಇಲ್ಲ. ಆದರೂ ಅಂದೆ.

ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಮೂರು ನಿಮಿಷ, ನಾಲ್ಕು ನಿಮಿಷ. ಎಷ್ಟೋ ಸಲ ಮುಂದಿನ ಮಾತು ಏನು ಅಂತ ನನಗ ತಿಳದಿತ್ತು, ನಾಲಿಗಿ ತುದಿಗೆ ಬಂದಿತ್ತು, ಅವನ ಬದಲಿ ನಾನೇ ಅಂದುಬಿಡಬಹುದಿತ್ತು. ಅನ್ನಲಿಲ್ಲ. ಹಲ್ಲು ಕಚ್ಚಿ ಕುಂತೆ. ಬೆವರು ಬಂತು. ನಡುವೆ ಅವನೂ ಬೆವತ, ಮೈತ್ರಿ ಬಂದು ಒರೆಸಿ ಹೋದಳು. ಅವ ನಿಲ್ಲಿಸಲಿಲ್ಲ.

ಎದಿ. ಅಂದ. ಮುಂಜಾನೆ. ಅಂದ. ಚಾ ಇಟ್ಟಿದ್ದಳು. ಅಂದ. ಆಟೋ. ಅಂದು ಭಾಳ ಹೊತ್ತು ಸುಮ್ಮನಾದ, ಆ ಆಟೋ ಬರಲಿಲ್ಲೋ, ಬಂದದ್ದು ತಡ ಆಯಿತೋ, ಅವನ ಮುಖದೊಳಗೆ ನೋಡಿ ನಾ ತಿಳಕೋಬೇಕಾಯಿತು. ಮ್ಯಾಲ ಫ್ಯಾನು ತಿರುಗಲಿಕತ್ತಿತ್ತು.

"ಕಾಕಾ," ಅಂದಳು ಮೈತ್ರಿ ಬಾಗಿಲದಾಗ ನಿಂತು. "ಐದರ ಗಾಡಿ ಅದಲ್ಲರಿ ನಿಮಗ."

ಕೈ ಸನ್ನಿ ಮಾಡಿದೆ, ಇರಲಿ ಅಂತ. ಸ್ವಲ್ಪ ಹೊತ್ತಿಗೆ ಸ್ಟೇಶನ್ ಕಡಿಂದ ಹಾರ್ನ್ ಕೇಳಿಸಿತು. ಮಾಣಿಕಪ್ಪನೂ ಕೇಳಿಸಿಕೊಂಡ. ಇಬ್ಬರೂ ರೂಢಿಯಂತೆ ಗಡಿಯಾರ ನೋಡಿದೆವು. ಏಳು ನಿಮಿಷ ತಡ ಇತ್ತು ಆ ಗಾಡಿ. ಅದು ಹೋಯಿತು.

ಎರಡು ತಾಸಿನೊಳಗ ಅವ ಆಡಿದ್ದು ಹತ್ತೊಂಬತ್ತು ಮಾತು. ಒಂದೊಂದೂ ಎಣಿಸೀನಿ. ಆ ಮಾತಿನೊಳಗ ಲಾಲಮ್ಮನ್ನ ಕರಕೊಂಡು ಅವ ದವಾಖಾನಿ ಮೆಟ್ಟಿಲ ತನಕ ಬಂದಿದ್ದ. ಮೆಟ್ಟಿಲ ಮ್ಯಾಲ ಆಕಿ ಏನೋ ಅಂದಿದ್ದಳು. ಅದೇನು ಅಂತ ಹೇಳಲಿಕ್ಕೆ ಅವನ ತುಟಿ ಹುಡುಕಲಿಕತ್ತಿತ್ತು. ನಾ ಸ್ಟೂಲ್ ಇನ್ನಷ್ಟು ಹತ್ತರ ಎಳಕೊಂಡು, ಬಗ್ಗಿ, ಕಿವಿ ಅವನ ಬಾಯಿ ಹತ್ತರ ಒಯ್ದೆ.